ಒಂದು ಮೊಣಕಾಲು, ಇಬ್ಬರ ಒಲಿಂಪಿಕ್ಸ್: ಸಯಾಕ ಹಿರೋಟಾ ಕಥೆ

ಬಿ.ಕಾಂ. ಓದಿದವರಿಗೆ ಪಾರ್ಟ್‌ನರ್‌ಶಿಪ್ ಅಕೌಂಟ್ಸ್ ನೆನಪಿರುತ್ತೆ. ಇಬ್ಬರು ಸೇರಿ ಒಂದು ಫರ್ಮ್ ನಡೆಸ್ತಾರೆ, ಒಬ್ಬರು ಹೊರಗೆ ಹೋದ್ರೆ ಫರ್ಮೇ ಮುಗೀತು. ಬ್ಯಾಡ್ಮಿಂಟನ್ ಡಬಲ್ಸ್ ಕೂಡ ಹಾಗೇನೇ. ಇಲ್ಲಿ ಕ್ರಿಕೆಟ್ ತರ ಬದಲಿ ಆಟಗಾರರಿಲ್ಲ. ಪಂದ್ಯದ ಮಧ್ಯೆ ಒಬ್ಬರಿಗೆ ಆಡಕ್ಕಾಗಲಿಲ್ಲ ಅಂದ್ರೆ ಜೋಡಿಯೇ ಔಟ್. ಇದನ್ನ ತಲೇಲಿ ಇಟ್ಕೊಂಡು ಇವತ್ತು ಜಪಾನಿನ ಸಯಾಕ ಹಿರೋಟಾ ಬಗ್ಗೆ ಮಾತಾಡೋಣ.

ಹಿರೋಟಾ ಹುಟ್ಟಿದ್ದು 1994ರಲ್ಲಿ, ದಕ್ಷಿಣ ಜಪಾನಿನ ಕುಮಾಮೊಟೊದಲ್ಲಿ. ಅವರ ಜೊತೆಗಾತಿ ಯುಕಿ ಫುಕುಶಿಮಾ ಕೂಡ ಅದೇ ಪ್ರಾಂತ್ಯದವರು, ಒಂದು ವರ್ಷ ದೊಡ್ಡವರು. 2018ರಲ್ಲಿ ಈ ಜೋಡಿ ವಿಶ್ವದ ನಂಬರ್ ಒನ್ ಆಯಿತು. 2020ರ ಮಾರ್ಚ್‌ನಲ್ಲಿ ಆಲ್ ಇಂಗ್ಲೆಂಡ್ ಕೂಡ ಗೆದ್ದರು.

ಆದರೆ ವಿಶ್ವ ಚಾಂಪಿಯನ್‌ಶಿಪ್ ಮಾತ್ರ ಕೈಗೆ ಸಿಗಲಿಲ್ಲ. 2017, 2018, 2019, ಸತತ ಮೂರು ವರ್ಷ ಫೈನಲ್ ತಲುಪಿದರು, ಮೂರೂ ಸಲ ಬೆಳ್ಳಿ. ಮೊದಲನೇ ಸಲ ಚೀನಾದ ಚೆನ್ ಚಿಂಗ್‌ಚೆನ್ ಮತ್ತು ಜಿಯಾ ಯಿಫಾನ್ ಎದುರು ಸೋಲು. ಆಮೇಲಿನ ಎರಡು ಸಲ ಸೋತಿದ್ದು ತಮ್ಮದೇ ದೇಶದ ಮಾಯು ಮತ್ಸುಮೊಟೊ, ವಕಾನಾ ನಗಾಹರಾ ಎದುರು. ಕೊನೇ ಗೇಮ್‌ನ ಸ್ಕೋರ್ ಕೇಳಿ: 2018ರಲ್ಲಿ 22-20, 2019ರಲ್ಲಿ 23-21. ಎರಡೂ ಸಲ ಎರಡೇ ಪಾಯಿಂಟ್ ಅಂತರ.

ಅಂದ್ರೆ ಆಗ ಇವರ ದೊಡ್ಡ ಪೈಪೋಟಿ ಜಪಾನಿನ ಒಳಗೇ ಇತ್ತು. ಒಲಿಂಪಿಕ್ಸ್‌ನಲ್ಲಿ ಒಂದು ದೇಶಕ್ಕೆ ಒಂದು ವಿಭಾಗದಲ್ಲಿ ಹೆಚ್ಚೆಂದರೆ ಎರಡು ಜೋಡಿ, ಅದೂ ಇಬ್ಬರೂ ಅಗ್ರ ಎಂಟರೊಳಗೆ ಇದ್ದರೆ ಮಾತ್ರ. ಜಪಾನಿನಲ್ಲಿ ಮೂರು ಜೋಡಿ ಇತ್ತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಅಯಾಕಾ ತಕಹಾಶಿ ಮತ್ತು ಮಿಸಾಕಿ ಮತ್ಸುಟೊಮೊ ಕೂಡ ಈ ಓಟದಲ್ಲಿ ಹಿಂದೆ ಬಿದ್ದರು. ತಕಹಾಶಿ 2020ರ ಆಗಸ್ಟ್‌ನಲ್ಲಿ ನಿವೃತ್ತರಾದರು. ಅಂಥಾ ಮನೆಯಿಂದ ಟಿಕೆಟ್ ತಗೊಂಡು ಬರೋದೇ ಒಂದು ಸಾಧನೆ.

ಹಿರೋಟಾ ಆ ಟಿಕೆಟ್ ತಗೊಂಡರು. ಕೂಟಕ್ಕೆ ಕೆಲವೇ ವಾರ ಇರುವಾಗ ಬಲ ಮೊಣಕಾಲಿನ ಎಸಿಎಲ್ ಹರಿದುಹೋಯಿತು.

ಎಸಿಎಲ್ ಅಂದ್ರೆ ತೊಡೆ ಮೂಳೆಯನ್ನ ಕೆಳಗಿನ ಕಾಲಿನ ಮೂಳೆಗೆ ಕಟ್ಟಿ ಹಿಡಿಯೋ ಒಂದು ಅಸ್ಥಿಬಂಧ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮೊಣಕಾಲು ತಿರುಚಿಕೊಳ್ಳದಂತೆ ಅದು ತಡೆಯುತ್ತೆ. ನೇರವಾಗಿ ನಡೆಯೋಕೆ ಅದಿಲ್ಲದಿದ್ರೂ ಆಗಬಹುದು. ಆದರೆ ಡಬಲ್ಸ್‌ನಲ್ಲಿ ನೇರವಾಗಿ ಹೋಗೋದು ಎಲ್ಲಿದೆ? ದಾಳಿ ಮಾಡುವಾಗ ಒಬ್ಬರು ನೆಟ್ ಹತ್ತಿರ, ಒಬ್ಬರು ಹಿಂದೆ. ರಕ್ಷಣೆಗೆ ಬಂದ ಕೂಡಲೇ ಇಬ್ಬರೂ ಅಕ್ಕಪಕ್ಕ. ಒಂದೇ ರ‍್ಯಾಲಿಯಲ್ಲಿ ಇದು ನಾಲ್ಕೈದು ಸಲ ಬದಲಾಗಬಹುದು. ಪ್ರತಿ ಬದಲಾವಣೆಗೂ ತಟ್ಟನೆ ನಿಲ್ಲಬೇಕು, ತಿರುಗಬೇಕು, ಮತ್ತೆ ನುಗ್ಗಬೇಕು. ಮಹಿಳಾ ಡಬಲ್ಸ್‌ನ ರ‍್ಯಾಲಿಗಳಂತೂ ತುಂಬಾ ಉದ್ದ.

ಹಿರೋಟಾ ಮೊಣಕಾಲಿಗೆ ದೊಡ್ಡ ಬ್ರೇಸ್ ಕಟ್ಟಿಕೊಂಡು ಕೋರ್ಟಿಗೆ ಇಳಿದರು. ಅವರು ಹಿಂದೆ ಸರಿದಿದ್ದರೆ ಫುಕುಶಿಮಾ ಒಲಿಂಪಿಕ್ಸ್ ಕೂಡ ಅಲ್ಲೇ ಮುಗೀತಿತ್ತು. ಮೊದಲ ಎರಡು ಪಂದ್ಯ ಗೆದ್ದರು. ಮೂರನೆಯದರಲ್ಲಿ ಇಂಡೋನೇಷ್ಯಾದ ಗ್ರೇಸಿಯಾ ಪೊಲಿ, ಅಪ್ರಿಯಾನಿ ರಹಾಯು ಎದುರು ಸೋತು ಗುಂಪಿನಲ್ಲಿ ಎರಡನೇ ಸ್ಥಾನ. ಚಿನ್ನ ಗೆದ್ದಿದ್ದು ಅದೇ ಇಂಡೋನೇಷ್ಯಾ ಜೋಡಿ.

ಜುಲೈ 29ರ ಕ್ವಾರ್ಟರ್‌ಫೈನಲ್‌ನಲ್ಲಿ ಮತ್ತೆ ಚೆನ್, ಜಿಯಾ. ಮೊದಲ ಗೇಮ್ 21-18, ಜಪಾನಿಗೆ! ಆಮೇಲೆ 10-21, 10-21. ಈ ಮೂರು ಅಂಕಿ ನೋಡಿದರೆ ಸಾಕು, ಕಾಲು ಎಷ್ಟು ಹೊತ್ತು ತಡೆಯಿತು ಅಂತ ಗೊತ್ತಾಗುತ್ತೆ. ಪಂದ್ಯ ಮುಗಿದಾಗ ಗೆದ್ದ ಚೀನಾ ಆಟಗಾರ್ತಿಯರೇ ಬಂದು ಅಳುತ್ತಿದ್ದ ಹಿರೋಟಾರನ್ನು ತಬ್ಬಿಕೊಂಡರು. ಕೋವಿಡ್ ಕಾರಣಕ್ಕೆ ಸ್ಟ್ಯಾಂಡ್‌ಗಳು ಖಾಲಿ. ತವರಿನ ಒಲಿಂಪಿಕ್ಸ್‌ನಲ್ಲಿ ಚಪ್ಪಾಳೆ ಹೊಡೆಯೋಕೆ ತವರಿನ ಜನ ಇರಲಿಲ್ಲ.

ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ವ್ಯಾಯಾಮ ಎಲ್ಲ ಮುಗಿಸಿ 2022ರಲ್ಲಿ ಅದೇ ಜೋಡಿ ಮತ್ತೆ ಆಡಿತು. ಆದರೆ 2024ರ ಪ್ಯಾರಿಸ್‌ಗೆ ಜಪಾನಿನ ಎರಡು ಜಾಗ ಮತ್ಸುಮೊಟೊ-ನಗಾಹರಾ ಮತ್ತು ನಾಮಿ ಮತ್ಸುಯಾಮಾ-ಚಿಹಾರು ಶಿಡಾ ಪಾಲಾಯಿತು. ಮತ್ಸುಯಾಮಾ, ಶಿಡಾ ಕಂಚು ಗೆದ್ದರು. ಗುಂಪು ಹಂತದಲ್ಲಿ ಇವರ ಎದುರು ಸೋತ ಜೋಡಿಗಳಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ, ತನಿಷಾ ಕ್ರಾಸ್ಟೊ ಕೂಡ ಇದ್ದರು.

ಹಾಗಾದ್ರೆ ಟೋಕಿಯೊದಲ್ಲಿ ಹಿರೋಟಾ ಆಡಿದ್ದು ಸರಿಯಾ? ವೈದ್ಯರ ಲೆಕ್ಕದಲ್ಲಿ ಅದು ಅಪಾಯ, ವಾದ ಮಾಡಕ್ಕಾಗಲ್ಲ. ಪಾಲುದಾರರ ಲೆಕ್ಕ ಬೇರೆ. ಐದು ವರ್ಷ ಇಬ್ಬರೂ ಸಮನಾಗಿ ಹಾಕಿದ ಬಂಡವಾಳವನ್ನ ಒಬ್ಬರ ಮೊಣಕಾಲಿಗಾಗಿ ಕೈಬಿಡೋಕೆ ಅವರು ಒಪ್ಪಲಿಲ್ಲ. ನಾನಾದ್ರೆ ಆಡಬೇಡ ಅಂತಿದ್ದೆ. ಫುಕುಶಿಮಾ ಜಾಗದಲ್ಲಿ ನಿಂತು ಹಾಗೆ ಹೇಳೋ ಧೈರ್ಯ ಬರ್ತಿತ್ತಾ ಅಂದ್ರೆ, ಅನುಮಾನ.

ನಿಮಗೇನನ್ನಿಸುತ್ತೆ, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.