ವಿಮಾನಕ್ಕಂಜಿದ ವೀರ

ಆಳು ಗಿಡ್ಡ, ಕೆಂಗೂದಲು. ಕಾಲಿಗೆ ಚೆಂಡು ಸಿಕ್ಕಿತೆಂದರೆ ಎದುರಾಳಿಗಳಿಗೆ ದಿಕ್ಕೇ ತೋಚದು. ಗ್ಲಾಸ್ಗೋ ನಗರದ ಸೆಲ್ಟಿಕ್ ಫುಟ್‌ಬಾಲ್ ತಂಡದ ಬಲ ಅಂಚಿನ ವಿಂಗರ್ ಜಿಮ್ಮಿ ಜಾನ್‌ಸ್ಟನ್ ಅಂಥವನು. 1967ರಲ್ಲಿ ಲಿಸ್ಬನ್ನಿನಲ್ಲಿ ಇಂಟರ್ ಮಿಲಾನನ್ನು ಮಣಿಸಿ ಯೂರೋಪಿಯನ್ ಕಪ್ ಗೆದ್ದ ತಂಡದಲ್ಲಿ ಆತನಿದ್ದ. ಈ ಧೀರನನ್ನು ನಡುಗಿಸುತ್ತಿದ್ದುದು ಒಂದೇ—ವಿಮಾನಯಾನ!

1968ರ ನವೆಂಬರ್ 13. ಅದೇ ಕಪ್ಪಿಗಾಗಿ ಗ್ಲಾಸ್ಗೋದಲ್ಲಿ ಯುಗೋಸ್ಲಾವಿಯದ ರೆಡ್ ಸ್ಟಾರ್ ತಂಡದೊಡನೆ ಪಂದ್ಯ. ಮರುಪಂದ್ಯ ದೂರದ ಬೆಲ್‌ಗ್ರೇಡಿನಲ್ಲಿ. ವಿರಾಮದ ವೇಳೆಗೆ 1-1 ಸಮ. ತಂಡದ ಮ್ಯಾನೇಜರ್ ಜಾಕ್ ಸ್ಟೀನ್ ಆತನ ಮರ್ಮವನ್ನು ಬಲ್ಲವನು. ನಾಲ್ಕು ಗೋಲುಗಳ ಅಂತರದಿಂದ ಗೆದ್ದರೆ ಬೆಲ್‌ಗ್ರೇಡಿಗೆ ಹಾರಬೇಕಾಗಿಲ್ಲವೆಂದು ಮಾತು ಕೊಟ್ಟ. ಅಂಜಿಕೆಯೇ ಕಾಲಿಗೆ ಬಲವಾಯಿತೆನ್ನಬೇಕು! ಜಾನ್‌ಸ್ಟನ್ ತಾನೇ ಎರಡು ಗೋಲು ಹೊಡೆದ. ಇನ್ನೆರಡಕ್ಕೆ ದಾರಿ ಮಾಡಿಕೊಟ್ಟ. ಫಲಿತಾಂಶ 5-1. ಗೆಲುವಿಗಿಂತ ಹಾರಾಟ ತಪ್ಪಿದ್ದೇ ಆತನಿಗೆ ಹಬ್ಬ.

ಸ್ಟೀನ್ ನುಡಿದಂತೆ ನಡೆದ. ಬೆಲ್‌ಗ್ರೇಡಿನಲ್ಲಿ ಆತನಿಲ್ಲದೆಯೇ ಸೆಲ್ಟಿಕ್ 1-1 ಸಮ ಮಾಡಿಕೊಂಡು ಮುಂದಿನ ಸುತ್ತಿಗೆ ಏರಿತು.

ಮುಂದೆ, ಮದ್ದಿಲ್ಲದ ನರರೋಗವೊಂದು ಅದೇ ಅಂಗಾಂಗಗಳನ್ನು ಕುಂದಿಸತೊಡಗಿತು. ಆ ಸ್ಥಿತಿಯಲ್ಲಿದ್ದಾಗಲೇ, 2002ರಲ್ಲಿ, ಅಭಿಮಾನಿಗಳು ಸೆಲ್ಟಿಕ್ಕಿನ ಸರ್ವಶ್ರೇಷ್ಠ ಆಟಗಾರನೆಂದು ಆತನನ್ನೇ ಆರಿಸಿದರು. 2006ರ ಮಾರ್ಚ್ 13ರಂದು, 61ನೆಯ ವಯಸ್ಸಿನಲ್ಲಿ ಆತ ತೀರಿಕೊಂಡ.