ಊರಿನ ತಕ್ಕಡಿ: ದವಾವೊ ಮಾರ್ಕೆಟ್ಟಿನಲ್ಲಿ ಒಬ್ಬ ಬಾಳೆ ಬೆಳೆಗಾರ

ಬಾಳೆಗೊನೆ ತೂಕ ಹಾಕುವಾಗ ದಂಟಿಗೆ ಅಂತ ಎಷ್ಟು ಕಿಲೋ ಕಳೀತಾರೆ, ಅದು ಸರಿಯೋ ತಪ್ಪೋ ಅಂತ ನೀವು ಯಾವತ್ತಾದ್ರೂ ಲೆಕ್ಕ ಹಾಕಿದ್ದೀರಾ? ನಾನು ಎಂಟು ವರ್ಷ ಹಾಕಿರಲಿಲ್ಲ. ಆ ಬುದ್ಧಿ ಬಂದದ್ದು ಫಿಲಿಪೈನ್ಸ್‌ನ ಒಂದು ಮೀನಿನ ಅಂಗಡಿ ಪಕ್ಕ ನಿಂತಾಗ.

ಗುಂಡ್ಲುಪೇಟೆ ಕಡೆ ನಮಗೆ ಎರಡು ಎಕರೆ ಏಲಕ್ಕಿ ಬಾಳೆ ಇದೆ. ನಮ್ಮ ಅತ್ತೆ ಮಗ ದವಾವೊ ನಗರದಲ್ಲಿ ಡಾಕ್ಟರ್ ಓದ್ತಿದ್ದಾನೆ. ಕರ್ನಾಟಕದ ಎಷ್ಟೋ ಹುಡುಗರು ಅಲ್ಲಿ ಎಂಬಿಬಿಎಸ್ ಓದೋದು ನಿಮಗೂ ಗೊತ್ತಿರಬಹುದು. ಮಾವನಿಗೆ ಜೊತೆ ಬೇಕು ಅಂತ ನಾನೂ ಹತ್ತು ದಿನ ಹೋಗಿದ್ದೆ. ಬೀಚು, ಮಾಲು ಎಲ್ಲ ಒಂದೇ ದಿನಕ್ಕೆ ಸಾಕಾಯ್ತು. "ಇಲ್ಲಿ ರೈತರ ಮಾಲು ಎಲ್ಲಿ ಇಳಿಯುತ್ತೆ, ಅಲ್ಲಿಗೆ ಕರ್ಕೊಂಡು ಹೋಗೋ" ಅಂದೆ. ಬೆಳಗಿನ ಜಾವ ಜೀಪ್ನಿ ಹತ್ತಿಸಿ ಬಂಕೆರೊಹಾನ್ ಮಾರ್ಕೆಟ್ಟಿಗೆ ಕರ್ಕೊಂಡು ಹೋದ.

ಪಲೆಂಗ್ಕೆ ಅಂದ್ರೆ ಏನು?

ಫಿಲಿಪೈನ್ಸ್‌ನಲ್ಲಿ ಸಾರ್ವಜನಿಕ ಮಾರ್ಕೆಟ್ಟಿಗೆ ಪಲೆಂಗ್ಕೆ ಅಂತಾರೆ. ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಆಳಿದ ಸ್ಪೇನಿನವರ ಭಾಷೆಯಿಂದ ಬಂದ ಮಾತು ಅದು. ಸಾಮಾನ್ಯವಾಗಿ ನಗರಸಭೆಯೋ ಪಟ್ಟಣದ ಆಡಳಿತವೋ ಕಟ್ಟಿಸಿ ನಡೆಸುತ್ತೆ. ವ್ಯಾಪಾರಿಗಳು ಕಟ್ಟೆಗೆ ಬಾಡಿಗೆ ಕೊಡ್ತಾರೆ. ಮೀನು, ಮಾಂಸ, ತರಕಾರಿ ಇರೋದು ಒದ್ದೆ ಭಾಗ. ಅಕ್ಕಿ, ಒಣ ದಿನಸಿ, ಬಟ್ಟೆ ಇರೋದು ಒಣ ಭಾಗ. ಒದ್ದೆ ಭಾಗದಲ್ಲಿ ನೆಲ ತೊಳೀತಾನೇ ಇರ್ತಾರೆ. ಚಪ್ಪಲಿ ಹಾಕ್ಕೊಂಡು ಹೋದ ನನ್ನ ಪ್ಯಾಂಟು ಮೊಣಕಾಲಿನವರೆಗೂ ಒದ್ದೆ.

ಬಂಕೆರೊಹಾನ್ ಇರೋದು ದವಾವೊ ನದಿ ದಂಡೆಯಲ್ಲಿ. ಬದನೆ, ಬೆಂಡೆ, ಹಾಗಲ, ಹೀರೆ, ಸೋರೆ, ಕುಂಬಳ ನೋಡಿದಾಗ ನಮ್ಮೂರ ಸಂತೆಗೇ ಬಂದೆ ಅನ್ನಿಸ್ತು. ದುರಿಯನ್ ಹಣ್ಣಿನ ವಾಸನೆ ಬಗ್ಗೆ ಯೂಟ್ಯೂಬಲ್ಲಿ ನೋಡಿರ್ತೀರಿ, ಅದನ್ನ ಬಿಡಿ. ನುಗ್ಗೆ ಮಾತ್ರ ಹೇಳಲೇಬೇಕು. ನಾವು ಕಾಯಿಗೆ ಬೆಲೆ ಕಟ್ತೀವಿ, ಅಲ್ಲಿ ಸೊಪ್ಪೇ ಮುಖ್ಯ ಮಾಲು. ಕಟ್ಟು ಕಟ್ಟಿ ಸಾಲಾಗಿ ಇಟ್ಟಿದ್ರು.

ಅಕ್ಕಿ ಅಂಗಡಿಯಲ್ಲಿ ತೆರೆದ ಪೆಟ್ಟಿಗೆಗಳು, ಪ್ರತಿಯೊಂದರ ಮೇಲೂ ತಳಿ ಹೆಸರು, ದರ ಬರೆದ ಚೀಟಿ. ನಮ್ಮ ಕಡೆ ಗದ್ದೆಗಳಿಗೆ ಬಂದ ಐಆರ್ 64 ಹುಟ್ಟಿದ್ದು ಈ ದೇಶದಲ್ಲೇ. ಲಾಸ್ ಬನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಅಭಿವೃದ್ಧಿ ಮಾಡಿದ ಆ ತಳಿ 1985ರಲ್ಲಿ ಅಲ್ಲಿ ಬಿಡುಗಡೆ ಆಯ್ತು.

ಬಾಳೆ ಸಾಲಿನಲ್ಲಿ

ದವಾವೊ ಸುತ್ತಮುತ್ತ ರಫ್ತಿಗಾಗಿ ದೊಡ್ಡ ದೊಡ್ಡ ಕ್ಯಾವೆಂಡಿಷ್ ತೋಟಗಳಿವೆ. ಆದ್ರೆ ಜನ ಪಲೆಂಗ್ಕೆಯಲ್ಲಿ ಕೇಳಿ ಕೊಳ್ಳೋದು ಲಕತಾನ್, ಲತುಂದಾನ್, ಸಾಬಾ. ಸಾಬಾ ಅಡುಗೆ ಬಾಳೆ. ಅಲ್ಲೇ ಪಕ್ಕದಲ್ಲಿ ಕಂದು ಸಕ್ಕರೆ ಹಾಕಿ ಎಣ್ಣೆಯಲ್ಲಿ ಕರಿದು, ಕಡ್ಡಿಗೆ ಚುಚ್ಚಿ ಮಾರ್ತಾರೆ. ಲತುಂದಾನ್ ತಿಂದಾಗ ನಂಜನಗೂಡು ರಸಬಾಳೆ ನೆನಪಾಯ್ತು. ಎರಡೂ ಒಂದೇ ಗುಂಪಿನವು. ಲೆತೊಂದಾಲ್ ಅನ್ನೋ ಫ್ರೆಂಚ್ ಪಾದ್ರಿ ಅದನ್ನ ಭಾರತದಿಂದ ತಂದ, ಅವನ ಹೆಸರೇ ಬಾಳೆಗೆ ಉಳೀತು ಅಂತ ಹೇಳ್ತಾರೆ.

ಹಣ್ಣನ್ನ ಚಿಪ್ಪು ಚಿಪ್ಪಾಗಿ ಬಿಡಿಸಿ ಮಾರ್ತಿದ್ರು. ದಂಟು ಗಿರಾಕಿ ತಕ್ಕಡಿಗೆ ಬರೋದೇ ಇಲ್ಲ. ಇದನ್ನ ನೆನಪಿಟ್ಟುಕೊಳ್ಳಿ.

ಮೀನಿನ ಅಂಗಡಿ ಪಕ್ಕ

ಒಬ್ಬ ಹೆಂಗಸು ಒಂದು ಕಿಲೋ ಮೀನು ತಗೊಂಡು ನಾಲ್ಕು ಹೆಜ್ಜೆ ನಡೆದು, ಕಂಬದ ಹತ್ತಿರ ಇದ್ದ ಇನ್ನೊಂದು ತಕ್ಕಡಿ ಮೇಲೆ ಆ ಚೀಲ ಇಟ್ಟಳು. ಮುಳ್ಳು ನೋಡಿದಳು. ವಾಪಸ್ ಹೋಗಿ ಏನೋ ಹೇಳಿದಳು. ಅಂಗಡಿಯವಳು ತುಟಿ ಪಿಟಕ್ ಅನ್ನದೆ ಇನ್ನೊಂದು ಮೀನು ಹಾಕಿದಳು. ಜಗಳ ಇಲ್ಲ, ಕೂಗಾಟ ಇಲ್ಲ.

ನಮ್ಮ ಹುಡುಗ ವಿವರಿಸಿದ. ಅದು "ಟಿಂಬಾಂಗಾನ್ ನಾಂಗ್ ಬಾಯಾನ್", ಅಂದ್ರೆ ಊರಿನ ತಕ್ಕಡಿ. ಯಾರಿಗೆ ಅನುಮಾನ ಬಂದ್ರೂ ಹೋಗಿ ತೂಗಿ ನೋಡಬಹುದು. ಎಲ್ಲಾ ಮಾರ್ಕೆಟ್ಟಿನಲ್ಲೂ ಇಂಥ ತಕ್ಕಡಿ ಇರಲೇಬೇಕು ಅಂತ 2022ರಲ್ಲಿ ಕಾನೂನೇ ಮಾಡಿದ್ದಾರೆ.

ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಮಂಡಿಯಲ್ಲಿ ಒಂದು ಗೊನೆಗೆ 2 ಕಿಲೋ ದಂಟಿನ ಬಾಬ್ತು ಕಳೀತಾರೆ. ಅಪ್ಪನ ಕಾಲದಿಂದ ಹಾಗೇ. ದಂಟು ನಿಜಕ್ಕೂ ಎಷ್ಟು ತೂಗುತ್ತೆ ಅಂತ ನಮ್ಮ ಮನೇಲಿ ಯಾರೂ ತೂಗಿ ನೋಡಿರಲಿಲ್ಲ. ಒಂದು ಕಿಲೋ ಮೀನು ಕೊಂಡವಳಿಗೆ ಇದ್ದ ಧೈರ್ಯ ಲೋಡುಗಟ್ಟಲೆ ಮಾರೋ ನನಗೆ ಇರಲಿಲ್ಲ.

ಸೂಕಿ: ಖಾಯಂ ಗಿರಾಕಿಯ ನಂಟು

ಮತ್ತೆ ಮೂರು ದಿನ ಅದೇ ಮಾರ್ಕೆಟ್ಟಿಗೆ ಹೋದೆ. ಒಂದೇ ಅಂಗಡಿಗೆ ಪದೇಪದೇ ಹೋಗೋ ಗಿರಾಕಿ, ಆ ಅಂಗಡಿಯವರು, ಇಬ್ಬರಿಗೂ ಸೂಕಿ ಅಂತಾರೆ. ಸೂಕಿಗೆ ಒಳ್ಳೇ ಮಾಲು ಎತ್ತಿಡ್ತಾರೆ, ಒಂದು ಹಿಡಿ ಜಾಸ್ತಿ ಹಾಕ್ತಾರೆ, ಕೆಲವೊಮ್ಮೆ ಸಾಲವನ್ನೂ ಕೊಡ್ತಾರೆ. ಎರಡನೇ ದಿನ ನಾನು "ಪಿಲಾ?" ಅಂತ ದರ ಕೇಳಿದ ಬಾಳೆ ಅಂಗಡಿ ಅಜ್ಜಿ, ಮೂರನೇ ದಿನ ನನ್ನನ್ನ ನೋಡಿ "ಸೂಕಿ!" ಅಂತ ಕೂಗಿ ಎರಡು ಹಣ್ಣು ಮೇಲೆ ಹಾಕಿದಳು.

ಇನ್ನೊಂದು ಪದ್ಧತಿ ಟಿಂಗಿ, ಅಂದ್ರೆ ಚಿಲ್ಲರೆ ಚಿಲ್ಲರೆಯಾಗಿ ಮಾರೋದು. ಒಂದು ಹೊತ್ತಿನ ಪಲ್ಯಕ್ಕೆ ಬೇಕಾದ ಕುಂಬಳದ ತುಂಡು, ಬೆಂಡೆ, ಬದನೆ, ಹಾಗಲ, ಅಲಸಂದೆ ಎಲ್ಲ ಹೆಚ್ಚಿ ಒಂದೇ ಕವರಿನಲ್ಲಿ ಹಾಕಿಟ್ಟಿರ್ತಾರೆ. ತೆಂಗಿನಕಾಯಿ ಒಡೆದು ಮಿಷನ್ನಲ್ಲಿ ಎದುರಿಗೇ ತುರಿದು ಕೊಡ್ತಾರೆ. ಕೆಲಸಕ್ಕೆ ಹೋಗೋ ಹೆಂಗಸರು ನೇರ ಅಲ್ಲಿಗೆ ಬರ್ತಿದ್ರು.

ಅಲ್ಲೂ ಎಲ್ಲ ಸರಿ ಇಲ್ಲ

ಅಲ್ಲಿ ರೈತ ರಾಜ ಅಂತ ಮಾತ್ರ ತಿಳ್ಕೋಬೇಡಿ. ಕಟ್ಟೆಯಲ್ಲಿ ಕೂತವರು ಹೆಚ್ಚಾಗಿ ವ್ಯಾಪಾರಿಗಳು. ತೋಟದಿಂದ ಮಾಲು ತರೋರು ಬಿಯಾಹೆರೊ ಅನ್ನೋ ಮಧ್ಯವರ್ತಿಗಳು. 2022ರ ಡಿಸೆಂಬರಿನಲ್ಲಿ ಅಲ್ಲಿ ಈರುಳ್ಳಿ ಕಿಲೋಗೆ 600 ಪೆಸೊ ದಾಟಿ, ಮಾಂಸಕ್ಕಿಂತ ದುಬಾರಿ ಆಗಿತ್ತು. ಸರ್ಕಾರ ಜನವರಿಯಲ್ಲಿ ಸುಮಾರು 21 ಸಾವಿರ ಟನ್ ಆಮದಿಗೆ ಒಪ್ಪಿಗೆ ಕೊಟ್ಟಿತು. ಅದೇ ಹೊತ್ತಿಗೆ ಅವರ ರೈತರ ಕೊಯ್ಲು ಶುರು. ಈರುಳ್ಳಿ ಬೆಳೆಯೋ ಚಿತ್ರದುರ್ಗ, ಗದಗದ ಗೆಳೆಯರಿಗೆ ಈ ಕಥೆ ಹೊಸದಲ್ಲ ಬಿಡಿ.

ಊರಿಗೆ ಬಂದು ಮಾಡಿದ್ದು

ಬಂದ ವಾರವೇ ಒಂದು ತಕ್ಕಡಿ ಕೊಂಡೆ. ಹತ್ತು ಗೊನೆಯ ಚಿಪ್ಪು ಬಿಡಿಸಿ ಬರೀ ದಂಟು ತೂಗಿದೆ. ಸರಾಸರಿ 1 ಕಿಲೋ 100 ಗ್ರಾಂ. ಕಳೀತಿದ್ದದ್ದು 2 ಕಿಲೋ. ಗೊನೆಗೆ 900 ಗ್ರಾಂ ಹಣ್ಣು ಸುಮ್ಮನೆ ಹೋಗ್ತಿತ್ತು. ಒಂದು ಬೆಳೆಗೆ ನಮ್ಮಲ್ಲಿ 1,600 ಗೊನೆ, ಅಂದ್ರೆ 1,440 ಕಿಲೋ. ಕಿಲೋ 40 ರೂಪಾಯಿ ಅಂದ್ರೂ 57,600 ರೂಪಾಯಿ. ಅಪ್ಪ ಕಾಗದ ನೋಡಿ ಮಾತಾಡಲಿಲ್ಲ. ಎದ್ದು ಹೋಗಿ ತಾನೇ ಇನ್ನೊಂದು ದಂಟು ತಂದು ತಕ್ಕಡಿ ಮೇಲಿಟ್ಟರು.

ಮಂಡಿಯವರು ಮೊದಲು ನಕ್ಕರು, ಆಮೇಲೆ ರೇಗಿದರು. ನಾವು ಅಕ್ಕಪಕ್ಕದ ಐದು ಜನ ಸೇರಿ ತೋಟದಲ್ಲೇ ಚಿಪ್ಪು ಬಿಡಿಸಿ ಕ್ರೇಟಿನಲ್ಲಿ ಕೊಡ್ತೀವಿ ಅಂದೆವು. ಇಬ್ಬರು ಬೇಡ ಅಂದ್ರು, ಒಬ್ಬರು ಒಪ್ಪಿದ್ರು. ಕೂಲಿ ಸ್ವಲ್ಪ ಜಾಸ್ತಿ ಆಗುತ್ತೆ. ಮೊದಲ ಸಲ ಹಣ್ಣು ಉಜ್ಜಿ ಕಪ್ಪಾಗಿ ನಷ್ಟವೂ ಆಯ್ತು. ಈಗ ಮಧ್ಯೆ ಕಾಗದ ಹಾಕ್ತೀವಿ. ವಾರದ ಸಂತೆಗೆ ಎರಡು ಕ್ರೇಟು ನಾನೇ ಒಯ್ತೀನಿ. ನಾಲ್ಕಾರು ಸೂಕಿಗಳು ಆಗಿದ್ದಾರೆ.

ನೀವೂ ಹೀಗೆ ಮಾಡಿ ನೋಡಿ

- ಮಾಲು ಕಳಿಸೋ ಮೊದಲು ನಿಮ್ಮದೇ ತಕ್ಕಡಿಯಲ್ಲಿ ತೂಗಿ. ತೂಕ ಕಾಣೋ ಹಾಗೆ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.
- ಮಂಡಿ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯಾ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ ವರ್ಷ ಮುದ್ರೆ ಹಾಕಿಸಬೇಕು.
- ದಂಟು, ಚೀಲ, ತೇವ ಅಂತ ಕಳೆಯೋದನ್ನೆಲ್ಲ ಒಂದು ಸಲ ನೀವೇ ಅಳೆದು ಬರೆದಿಡಿ.
- ಒಬ್ಬರೇ ಹೋಗಿ ಕೇಳಬೇಡಿ. ನಾಲ್ಕೈದು ಜನ ಲೆಕ್ಕ ಹಿಡಿದು ಹೋಗಿ.
- ಸಂತೆಯಲ್ಲಿ ಮಾರೋದಾದ್ರೆ ದರ ಬರೆದ ಚೀಟಿ ಇಡಿ, ಒಂದು ಹೊತ್ತಿಗಾಗುವಷ್ಟು ಕಟ್ಟು ಮಾಡಿ.

ಮೊನ್ನೆ ಸಂತೆಯಲ್ಲಿ ಒಬ್ಬ ತಾಯಿ ತೂಕ ಸರಿ ಇಲ್ಲ ಅಂದ್ರು. ನಾನು ತಕ್ಕಡಿ ಅವರ ಕಡೆ ತಿರುಗಿಸಿದೆ. ಸರಿ ಇತ್ತು. ಆದ್ರೂ ಒಂದು ಹಣ್ಣು ಮೇಲೆ ಹಾಕಿದೆ. ಈ ವಾರ ಮತ್ತೆ ಬಂದಿದ್ರು.