ಮರಳಿನೊಳಗಣ ಸೊತ್ತು ಯಾರದು?

ಬಿದ್ದುದು ಕಂಡವನಿಗೆ, ಹೂಳಿಟ್ಟುದು ಅಗೆದವನಿಗೆ ಎಂಬ ಮಾತು ಲೋಕದಲ್ಲಿ ಬಹು ಹಳೆಯದು. ಕೇಳುವುದಕ್ಕೆ ಸುಲಭವಾದ ಈ ನ್ಯಾಯವು ನ್ಯಾಯವೇ ಅಲ್ಲವೆಂಬುದನ್ನು ತಿಳಿಯಲು ಮನುಷ್ಯನಿಗೆ ಬಹುಕಾಲ ಹಿಡಿಯಿತು. ಇಂದಿಗೂ ಅದು ಎಲ್ಲರಿಗೂ ತಿಳಿದಂತಿಲ್ಲ. ಇಂಗ್ಲೆಂಡಿನ ಕಡಲತೀರಗಳಲ್ಲಿ ಕತ್ತಲಾದ ಮೇಲೆ ನಡೆಯುವ ಒಂದು ಹವ್ಯಾಸದ ಸಂಗತಿಯನ್ನು ನಾವು ಇಂದು ವಾಚಕರ ಮುಂದಿಡುವುದು ಕೇವಲ ಕುತೂಹಲಕ್ಕಾಗಿ ಅಲ್ಲ. ಈ ಹಳೆಯ ಪ್ರಶ್ನೆಗೆ ಅಲ್ಲಿಯವರು ಕಂಡುಕೊಂಡ ಉತ್ತರದಲ್ಲಿ ನಮ್ಮ ಊರುಗಳೂ ನಮ್ಮ ಕಚೇರಿಗಳೂ ಗಮನಿಸತಕ್ಕ ಅಂಶವೊಂದುಂಟೆಂದು ನಮಗೆ ತೋರಿದೆ.

ಆ ದೇಶದಲ್ಲಿ ಚಳಿಗಾಲದ ಸೂರ್ಯನು ನಾಲ್ಕು ಗಂಟೆಗೆಲ್ಲ ಮುಳುಗಿಬಿಡುತ್ತಾನೆ. ಬೇಸಗೆಯಲ್ಲಿ ಕಾಲಿಡಲು ಎಡೆಯಿಲ್ಲದಂತಿದ್ದ ತೀರವು ಆ ಹೊತ್ತಿಗೆ ನಿರ್ಜನವಾಗಿರುತ್ತದೆ. ಅಂಥಲ್ಲಿ ಹಣೆಗೆ ದೀಪವನ್ನೂ ಕಿವಿಗೆ ಶ್ರವಣಯಂತ್ರವನ್ನೂ ಕಟ್ಟಿಕೊಂಡ ಒಬ್ಬ ಮನುಷ್ಯನು ನೀರಿನಂಚಿನಲ್ಲಿ ಮೆಲ್ಲಮೆಲ್ಲನೆ ನಡೆಯುತ್ತಿರುವುದನ್ನು ಕಾಣಬಹುದು. ಅವನ ಕೈಯಲ್ಲಿ ಉದ್ದನೆಯ ಕೋಲು. ಕೋಲಿನ ತುದಿಯಲ್ಲಿ ತಟ್ಟೆಯಾಕಾರದ ಸುರುಳಿ. ಹುಲ್ಲು ಸವರುವವನಂತೆ ಅದನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾನೆ. ಕಿವಿಯಲ್ಲಿ ಸದ್ದು ಕೇಳಿದೊಡನೆ ನಿಂತು, ತೂತುಗಳುಳ್ಳ ಸಲಿಕೆಯಿಂದ ಮರಳನ್ನೆತ್ತಿ ಜಾಲಿಸಿ, ಉಳಿದುದನ್ನು ದೀಪದ ಬೆಳಕಿಗೆ ಹಿಡಿಯುತ್ತಾನೆ. ಹತ್ತಕ್ಕೆ ಒಂಬತ್ತು ಸಲ ಅದು ಶೀಷೆಯ ಮುಚ್ಚಳ, ಇಲ್ಲವೆ ಡಬ್ಬಿಯ ತಗಡು. ಅದನ್ನು ಚೀಲಕ್ಕೆ ಹಾಕಿ, ಗುಳಿಯನ್ನು ಮುಚ್ಚಿ, ಮತ್ತೆ ನಡೆಯುತ್ತಾನೆ.

ರಾತ್ರಿಯೇ ಏಕೆಂದು ವಾಚಕರು ಕೇಳಬಹುದು. ಈ ಹೊತ್ತನ್ನು ಗೊತ್ತುಮಾಡುವವನು ಕಳ್ಳನಲ್ಲ, ಚಂದ್ರನು. ಒಂದು ಇಳಿತಕ್ಕೂ ಮುಂದಿನ ಇಳಿತಕ್ಕೂ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ ಇಳಿತದ ವೇಳೆಯು ದಿನದಿನಕ್ಕೆ 50 ನಿಮಿಷಗಳಷ್ಟು ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಎಂದಿಗಿಂತ ದೂರ ಸರಿದು, ಬೇರೆ ದಿನಗಳಲ್ಲಿ ಮುಳುಗಿರುವ ಮರಳು ತೆರೆದುಕೊಳ್ಳುತ್ತದೆ. ಆ ಇಳಿತವು ನಡುರಾತ್ರಿಗೆ ಬಿದ್ದರೆ ಹುಡುಕುವವನೂ ನಡುರಾತ್ರಿಗೆ ಹೊರಡಲೇಬೇಕು. ಬಿರುಗಾಳಿಯ ಮರುದಿನವಂತೂ ಅವನಿಗೆ ಹಬ್ಬ. ಚಿನ್ನವು ನೀರಿಗಿಂತ 19 ಪಟ್ಟು ಭಾರ. ಮರಳಿನ ಕಣವು ಎರಡೂವರೆ ಪಟ್ಟಿಗೆ ತುಸು ಮೇಲೆ. ಹೀಗಾಗಿ ಅಲೆಗಳು ಮರಳನ್ನು ಕಲಕಿದಂತೆಲ್ಲ ಉಂಗುರವು ಕೆಳಕೆಳಗೆ ಇಳಿದು ಗಟ್ಟಿನೆಲದ ಮೇಲೆ ನಿಲ್ಲುತ್ತದೆ. ಬಿರುಗಾಳಿಯು ಮೇಲಣ ಮರಳನ್ನು ಹೊತ್ತೊಯ್ದಾಗ ಅದು ಯಂತ್ರದ ಎಟುಕಿಗೆ ಬರುತ್ತದೆ. ತಣ್ಣೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರುವುದು ಸಾಮಾನ್ಯವಾದುದರಿಂದ ಜನರು ಈಜುವ ತೀರಗಳಲ್ಲಿ ಇಂಥ ಉಂಗುರಗಳಿಗೆ ಕೊರತೆಯಿಲ್ಲ.

ಈ ಲೋಹಶೋಧಕವು ನಮ್ಮ ದೊಡ್ಡ ದೇವಸ್ಥಾನಗಳ ಬಾಗಿಲಲ್ಲಿಯೂ ವಿಮಾನನಿಲ್ದಾಣಗಳಲ್ಲಿಯೂ ನಮ್ಮ ಮೈಸವರುವ ಯಂತ್ರದ ಒಡಹುಟ್ಟೇ ಆಗಿದೆ. ತಂತಿಯ ಸುರುಳಿಯಲ್ಲಿ ಏರಿಳಿಯುವ ವಿದ್ಯುತ್ತನ್ನು ಹರಿಸಿದರೆ ಸುತ್ತಲೂ ಕಾಂತಕ್ಷೇತ್ರವುಂಟಾಗುತ್ತದೆ. ಅದರೊಳಗೆ ಲೋಹವು ಸಿಕ್ಕಿದರೆ ಲೋಹದಲ್ಲಿಯೂ ಪ್ರವಾಹವು ಹುಟ್ಟಿ, ತನ್ನದೊಂದು ಕ್ಷೀಣವಾದ ಕ್ಷೇತ್ರವನ್ನು ಹೊರಸೂಸುತ್ತದೆ. ಆ ಕ್ಷೀಣಧ್ವನಿಯನ್ನು ಹಿಡಿಯುವುದೇ ಯಂತ್ರದ ಕೆಲಸ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ಮೈಯಲ್ಲಿ ಹುದುಗಿದ್ದ ಗುಂಡನ್ನು ಹುಡುಕಲು ದೂರವಾಣಿಯ ಗ್ರಹಾಂ ಬೆಲ್ ಇಂಥ ಉಪಕರಣವನ್ನೇ ಕೊಂಡೊಯ್ದನು. ಗುಂಡು ಸಿಕ್ಕಲಿಲ್ಲ, ಅಧ್ಯಕ್ಷನು ಬದುಕಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸ್ಕಾಟ್ಲೆಂಡಿನಲ್ಲಿದ್ದ ಪೋಲೆಂಡಿನ ಸೇನಾಧಿಕಾರಿ ಕೊಸಾಟ್ಸ್ಕಿಯು ನೆಲಬಾಂಬುಗಳನ್ನು ಪತ್ತೆಮಾಡುವ ಯಂತ್ರವನ್ನು ರೂಪಿಸಿ, ಅದಕ್ಕೆ ಏಕಸ್ವದ ಹಕ್ಕನ್ನು ಬಯಸದೆ ಬ್ರಿಟಿಷ್ ಸೈನ್ಯಕ್ಕೆ ಕೊಟ್ಟುಬಿಟ್ಟನು. 1942ರಲ್ಲಿ ಎಲ್ ಅಲಮೇನಿನ ಮರಳುಗಾಡಿನಲ್ಲಿ ಸೈನ್ಯವು ದಾರಿ ಮಾಡಿಕೊಂಡುದು ಈ ಯಂತ್ರದ ನೆರವಿನಿಂದ. ಪ್ರಾಣವುಳಿಸಲು ಹುಟ್ಟಿದ ಸಾಧನವು ಯುದ್ಧ ಮುಗಿದ ಮೇಲೆ ಹವ್ಯಾಸಿಗಳ ಕೈಸೇರಿತು.

ಆದರೆ ಯಂತ್ರಕ್ಕೆ ಲೋಹವು ತಿಳಿಯುತ್ತದೆಯೇ ಹೊರತು ಲೋಹದ ಒಡೆಯನು ತಿಳಿಯುವುದಿಲ್ಲ. ಅಷ್ಟೇಕೆ, ತೆಳುವಾದ ಚಿನ್ನದ ಉಂಗುರಕ್ಕೂ ಡಬ್ಬಿಯ ಅಲ್ಯೂಮಿನಿಯಂ ಕೊಂಡಿಗೂ ಅದು ಬಹುಮಟ್ಟಿಗೆ ಒಂದೇ ಸದ್ದು ಮಾಡುತ್ತದೆ. ಒಡೆತನದ ಪ್ರಶ್ನೆಯನ್ನು ಬಿಡಿಸತಕ್ಕದ್ದು ಮನುಷ್ಯನೂ ಅವನ ಕಾಯಿದೆಯೂ. ಇಂಗ್ಲೆಂಡಿನ ಕಾಯಿದೆಯು ಮರಳಿನಲ್ಲಿ ಸಿಕ್ಕುವ ಸೊತ್ತನ್ನು ಮೂರು ಬಗೆಯಾಗಿ ನೋಡುತ್ತದೆ. ನಿನ್ನೆಯೋ ಹೋದ ವರುಷವೋ ಕಳೆದುಹೋದ ಉಂಗುರವು ಕಳೆದುಕೊಂಡವರದೇ; ಅವರನ್ನು ಹುಡುಕುವ ತಕ್ಕ ಪ್ರಯತ್ನವನ್ನು ಮಾಡದೆ ಇಟ್ಟುಕೊಳ್ಳುವುದು ಕಳವಿಗೆ ಸಮಾನ. ಒಡೆದ ಹಡಗಿನಿಂದ ಬಂದುದಾದರೆ ಅದಕ್ಕೆಂದೇ ನೇಮಕವಾದ ಸರಕಾರಿ ಅಧಿಕಾರಿಗೆ 28 ದಿನಗಳೊಳಗಾಗಿ ತಿಳಿಸಬೇಕು. ಒಡೆಯನು ಹೊರಪಡಲು ಒಂದು ವರುಷದ ಅವಕಾಶವುಂಟು, ಉಳಿಸಿಕೊಟ್ಟವನಿಗೆ ಪ್ರತಿಫಲವೂ ಉಂಟು. 300 ವರುಷಗಳಿಗೆ ಮೀರಿದ ಬೆಳ್ಳಿಬಂಗಾರದ ಒಡವೆ ಮೊದಲಾದುವು 1996ರ ನಿಕ್ಷೇಪ ಕಾಯಿದೆಗೆ ಒಳಪಟ್ಟವು. ಅವುಗಳನ್ನು ಕಾರೊನರ್ ಎಂಬ ಅಧಿಕಾರಿಗೆ 14 ದಿನಗಳೊಳಗೆ ತಿಳಿಸಬೇಕು. ವಸ್ತುಸಂಗ್ರಹಾಲಯವು ಅವನ್ನು ಬಯಸಿದರೆ ಪೇಟೆಯ ಬೆಲೆಯನ್ನೇ ಕಟ್ಟಿ, ಕಂಡವನಿಗೂ ನೆಲದ ಒಡೆಯನಿಗೂ ಹಂಚಿಕೊಡುತ್ತಾರೆ.

ಕಾಯಿದೆಯಿದ್ದ ಮಾತ್ರಕ್ಕೆ ಜನರು ಸಜ್ಜನರಾಗುವುದಿಲ್ಲವೆಂಬುದಕ್ಕೆ ಅದೇ ದೇಶದ ತೀರವೊಂದು ಸಾಕ್ಷಿಯಾಗಿದೆ. 2007ರ ಜನವರಿಯಲ್ಲಿ 'ನಾಪೊಲಿ' ಎಂಬ ಸರಕಿನ ಹಡಗು ಬಿರುಗಾಳಿಗೆ ಸಿಕ್ಕಿ ಜಖಂಗೊಂಡು, ಡೆವನ್ ಪ್ರಾಂತದ ಬ್ರ್ಯಾನ್ಸ್‌ಕೂಂಬ್ ಬಳಿ ನೆಲ ಹತ್ತಿತು. ಅದರ ಪೆಟ್ಟಿಗೆಗಳು ದಡಕ್ಕೆ ಬಂದು ಬಿದ್ದ ಸುದ್ದಿ ಹಬ್ಬಿದೊಡನೆ ಜನರು ದೂರದೂರದಿಂದ ಬಂದರು. ಹಗಲಷ್ಟೇ ಅಲ್ಲ, ರಾತ್ರಿಯೂ ದೀಪ ಹಿಡಿದು ದೋಚಿದರು. ಹೊಸ ಮೋಟಾರು ಸೈಕಲುಗಳನ್ನು ಮರಳಿನ ಮೇಲೆ ತಳ್ಳಿಕೊಂಡು ಹೋದರು. ಸಮುದ್ರವು ಕೊಟ್ಟುದು ಎಂದು ಅವರ ಸಮಾಧಾನ. ಆದರೆ ಆ ಪೆಟ್ಟಿಗೆಗಳೊಳಗೆ ದಕ್ಷಿಣ ಆಫ್ರಿಕಕ್ಕೆ ಸಂಸಾರ ಸಾಗಿಸುತ್ತಿದ್ದ ಒಂದು ಮನೆತನದ ಸಾಮಾನುಗಳೂ ಇದ್ದುವು. ಇನ್ನೊಬ್ಬರ ಮನೆಯನ್ನು ಹಗಲಿನಲ್ಲಿ ಹೊಕ್ಕು ಒಂದು ಚಮಚವನ್ನೂ ಮುಟ್ಟದ ಸದ್ಗೃಹಸ್ಥರು ಅದೇ ಮನೆಯು ತೆರೆಯ ಮೇಲೆ ತೇಲಿ ಬಂದಾಗ ಹಿಂಜರಿಯಲಿಲ್ಲ. ಒಡೆಯನು ಕಣ್ಣಮುಂದಿಲ್ಲದಿದ್ದರೆ ಒಡೆತನವೇ ಇಲ್ಲವೆಂದು ಭಾವಿಸುವುದು ಮನುಷ್ಯನ ದೌರ್ಬಲ್ಯ.

ಈ ದೌರ್ಬಲ್ಯವು ಕಡಲತೀರವನ್ನು ಬಿಟ್ಟು ಹೊಲಗದ್ದೆಗಳಿಗೆ ಏರಿದಾಗ ಹಾನಿಯು ಇನ್ನೂ ಹೆಚ್ಚು. ತೀರದ ಮರಳನ್ನು ಸಮುದ್ರವು ದಿನಕ್ಕೆರಡು ಬಾರಿ ಕಲಸುವುದರಿಂದ ಅಲ್ಲಿ ವಸ್ತುವು ಬಿದ್ದ ಜಾಗವು ಹೆಚ್ಚಿನದೇನನ್ನೂ ಹೇಳಲಾರದು. ಹೊಲದ ಮಣ್ಣು ಹಾಗಲ್ಲ. ಒಂದು ನಾಣ್ಯವು ಯಾವ ಪದರದಲ್ಲಿ, ಯಾವುದರ ಮಗ್ಗುಲಲ್ಲಿ ಇದ್ದಿತೆಂಬುದೇ ಅದರ ಅರ್ಧ ಚರಿತ್ರೆ. ನ್ಯಾಯಾಲಯದಲ್ಲಿ ಸಾಕ್ಷಿಯು ತಾನು ಎಲ್ಲಿ ನಿಂತಿದ್ದೆನೆಂದು ಹೇಳದಿದ್ದರೆ ಅವನ ಹೇಳಿಕೆಗೆ ಬೆಲೆಯೆಷ್ಟು? ಅಪ್ಪಣೆಯಿಲ್ಲದೆ ರಾತ್ರಿ ಹೊಲ ಹೊಕ್ಕು ಅಗೆಯುವವರನ್ನು ಇಂಗ್ಲಿಷರು 'ರಾತ್ರಿಗಿಡುಗ'ಗಳೆಂದು ಕರೆಯುವುದು ಸಾರ್ಥಕವಾಗಿದೆ.

ಎರಡು ನಿದರ್ಶನಗಳನ್ನು ಒಟ್ಟಿಗಿಟ್ಟು ನೋಡೋಣ. 2009ರ ಜುಲೈಯಲ್ಲಿ ಸ್ಟ್ಯಾಫರ್ಡ್‌ಷೈರಿನ ಹೊಲವೊಂದರಲ್ಲಿ ಲೋಹಶೋಧಕ ಹಿಡಿದ ಹವ್ಯಾಸಿಯೊಬ್ಬನಿಗೆ ಸುಮಾರು 1300 ವರುಷಗಳಿಗೂ ಹಿಂದಿನ ಯೋಧರ ಬಂಗಾರದ ಒಡವೆಗಳು ಸಿಕ್ಕಿದುವು. ಅವನು ಅಧಿಕಾರಿಗಳಿಗೆ ತಿಳಿಸಿದನು. ವಿದ್ವಾಂಸರು ಬಂದು ಕ್ರಮವಾಗಿ ಅಗೆದರು. 32 ಲಕ್ಷ 85 ಸಾವಿರ ಪೌಂಡುಗಳೆಂದು ಬೆಲೆ ಕಟ್ಟಿ, ಅವನಿಗೂ ಹೊಲದ ಒಡೆಯನಿಗೂ ಹಂಚಿದರು. ಒಡವೆಗಳು ಬರ್ಮಿಂಗ್‌ಹ್ಯಾಮ್ ಮತ್ತು ಸ್ಟೋಕ್ ನಗರಗಳ ಸಂಗ್ರಹಾಲಯಗಳನ್ನು ಸೇರಿದುವು. 2015ರಲ್ಲಿ ಹೆರೆಫರ್ಡ್‌ಷೈರಿನಲ್ಲಿ ಇಬ್ಬರಿಗೆ ವೈಕಿಂಗ್ ದಾಳಿಗಾರರ ಕಾಲದ ನಿಕ್ಷೇಪವು ಸಿಕ್ಕಿತು. ಅವರು ಮುಚ್ಚಿಟ್ಟು ಗುಟ್ಟಾಗಿ ಮಾರಿದರು. ಸುಮಾರು 300 ನಾಣ್ಯಗಳಿದ್ದುವೆಂದು ಊಹೆ. ಕೈಗೆ ಮರಳಿದುವು ಮೂವತ್ತರಷ್ಟು ಮಾತ್ರ. 2019ರಲ್ಲಿ ಇಬ್ಬರಿಗೂ ಸೆರೆಮನೆಯಾಯಿತು. ಪ್ರಾಮಾಣಿಕರಾಗಿದ್ದರೆ ಕಾಯಿದೆಯೇ ಅವರನ್ನು ಶ್ರೀಮಂತರನ್ನಾಗಿ ಮಾಡುತ್ತಿದ್ದಿತು.

ಅವರಿಗಾದ ನಷ್ಟವಿರಲಿ, ದೇಶಕ್ಕಾದ ನಷ್ಟವೇನು? ಆ ನಾಣ್ಯಗಳಲ್ಲಿ ಕೆಲವು ವೆಸೆಕ್ಸಿನ ಅರಸ ಆಲ್‌ಫ್ರೆಡನವು, ಕೆಲವು ಮರ್ಸಿಯದ ಅರಸ ಎರಡನೆಯ ಕೆಯೊಲ್‌ವುಲ್ಫನವು. ಇವನನ್ನು ಶತ್ರುಗಳ ಕೈಗೊಂಬೆಯಾದ ಮೂಢನೆಂದು ಆ ದೇಶದ ಹಳೆಯ ವೃತ್ತಾಂತವು ಹಳಿದಿದೆ. ಆದರೆ ಇಬ್ಬರ ಹೆಸರಿನ ನಾಣ್ಯಗಳಲ್ಲಿಯೂ ಇಬ್ಬರು ಅರಸರು ಅಕ್ಕಪಕ್ಕದಲ್ಲಿ ಕುಳಿತ ಒಂದೇ ಮುದ್ರೆಯಿದೆ. ಅವರು ಮಿತ್ರರಾಗಿದ್ದರೆಂದು ಅದು ಸಾರುತ್ತದೆ. ಸಾವಿರದ ನೂರು ವರುಷಗಳ ಅಪವಾದಕ್ಕೆ ಉತ್ತರ ಹೇಳಬಲ್ಲ ಸಾಕ್ಷಿಗಳು ಒಂದೇ ಕಡೆ ಕೂಡಿದ್ದುವು. ಅವುಗಳಲ್ಲಿ ಬಹುಪಾಲನ್ನು ಇಬ್ಬರ ದುರಾಸೆಯು ದಿಕ್ಕುಪಾಲು ಮಾಡಿತು.

ಇನ್ನು ನಮ್ಮ ನಾಡಿನ ಮಾತು. ನಿಧಿಯ ಹುಚ್ಚಿಗೆ ನಮ್ಮವರು ಯಂತ್ರಕ್ಕಾಗಿ ಕಾದವರಲ್ಲ. ಅಮಾವಾಸ್ಯೆಯ ರಾತ್ರಿ ಪಾಳುಗುಡಿಯ ನಂದಿಯನ್ನು ಕೆಡವಿ, ಲಿಂಗದ ಪೀಠವನ್ನು ಕಿತ್ತು ಗುಳಿ ತೋಡುವ ನಿಧಿಗಳ್ಳರ ಸುದ್ದಿಯು ನಮ್ಮ ವಾಚಕರಿಗೆ ಹೊಸತಲ್ಲ. ಗುಳಿಯಲ್ಲಿ ಬಂಗಾರವು ಸಿಕ್ಕುವುದಿಲ್ಲ. ಶಿಲ್ಪಿಯು ತಿಂಗಳುಗಟ್ಟಲೆ ಕಡೆದ ವಿಗ್ರಹವು ಮಾತ್ರ ಹಾಳಾಗುತ್ತದೆ. ಸಿಕ್ಕಿದರೂ ಹೊಯ್ಸಳರ ಗದ್ಯಾಣವಾಗಲಿ ವಿಜಯನಗರದ ವರಾಹವಾಗಲಿ ಮೂಸೆಯಲ್ಲಿ ಕರಗಿ, ಬರಿಯ ಗಟ್ಟಿಯಾಗಿ ತೂಗಲ್ಪಡುತ್ತದೆ. ಬೆಳಕಿಗೆ ಬಂದ ನಿಕ್ಷೇಪವು ಎಷ್ಟನ್ನು ಹೇಳಬಲ್ಲುದೆಂಬುದಕ್ಕೂ ನಮ್ಮಲ್ಲಿಯೇ ನಿದರ್ಶನವುಂಟು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ಮಣ್ಣು ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತುವು. ಅವು ಕರಗಿಹೋಗಿದ್ದರೆ, ಎರಡು ಸಾವಿರ ವರುಷಗಳ ಹಿಂದಿನ ರೋಮಿನ ಹಣವು ನಮ್ಮ ಬಯಲುಸೀಮೆಯ ಈ ನೆಲದವರೆಗೂ ಬಂದಿತ್ತೆಂಬುದಕ್ಕೆ ಆಧಾರವೊಂದು ಇಲ್ಲವಾಗುತ್ತಿತ್ತು.

ನಮ್ಮಲ್ಲಿಯೂ ಕಾಯಿದೆಗೆ ಕೊರತೆಯಿಲ್ಲ. 1878ರಲ್ಲಿಯೇ ಭಾರತೀಯ ನಿಕ್ಷೇಪ ಕಾಯಿದೆಯು ಹೊರಟಿತು. ಹತ್ತು ರೂಪಾಯಿಗೆ ಮೀರಿದ ನಿಕ್ಷೇಪವನ್ನು ಕಂಡವನು ಕಲೆಕ್ಟರಿಗೆ ಬರೆದು ತಿಳಿಸಬೇಕು. ಬೇರೆ ಹಕ್ಕುದಾರರು ಹೊರಪಡದೆ, ನೆಲದ ಒಡೆಯನೊಡನೆ ಒಪ್ಪಂದವೂ ಇಲ್ಲದಿದ್ದರೆ ಮುಕ್ಕಾಲು ಪಾಲು ಕಂಡವನಿಗೆ, ಕಾಲು ಪಾಲು ಆ ಒಡೆಯನಿಗೆ. ಸರಕಾರವೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಭಾಗವನ್ನು ಕೂಡಿಸಿ ಕೊಡಬೇಕು. ಮುಚ್ಚಿಟ್ಟವನಿಗೆ ಒಂದು ವರುಷದವರೆಗೆ ಸೆರೆ. ನಮ್ಮ ರಾಜ್ಯವು 1962ರಲ್ಲಿ ತನ್ನದೇ ನಿಕ್ಷೇಪ ಕಾಯಿದೆಯನ್ನು ಮಾಡಿಕೊಂಡಿತು. ಬಿದ್ದ ವಸ್ತುವನ್ನು ಎತ್ತಿಕೊಂಡವನು ಅದರ ಒಡೆಯನಲ್ಲ, ಕಾವಲುಗಾರನಷ್ಟೇ ಎಂಬ ತತ್ತ್ವವನ್ನು 1872ರ ಕರಾರು ಕಾಯಿದೆಯ 71ನೆಯ ಕಲಮು ಆಗಲೇ ಹೇಳಿದೆ.

ಹಾಗಾದರೆ ಕೊರತೆಯೆಲ್ಲಿ? ಇಂಗ್ಲೆಂಡಿನಲ್ಲಿ 1997ರಿಂದ ಒಂದು ಏರ್ಪಾಡು ನಡೆದಿದೆ. ನಿಕ್ಷೇಪವೆನ್ನಿಸಿಕೊಳ್ಳದ ಹಳೆಯ ಗುಂಡಿ, ಕೊಂಡಿ, ಕಾಸುಗಳನ್ನು ಸಹ ಜನರು ತಾವಾಗಿ ತಂದು ತೋರಿಸಬಹುದು. ನೇಮಕವಾದ ಅಧಿಕಾರಿಯು ಅದನ್ನು ನೋಡಿ, ಸಿಕ್ಕಿದ ಜಾಗವನ್ನು ಗುರುತು ಹಾಕಿಕೊಂಡು, ವಸ್ತುವನ್ನು ಅವರಿಗೇ ಹಿಂದಿರುಗಿಸುತ್ತಾನೆ. ಹೀಗೆ ದಾಖಲೆಯಾದ ವಸ್ತುಗಳು 15 ಲಕ್ಷಕ್ಕೂ ಮೀರಿವೆ. ಹೇಳಿಕೊಂಡರೆ ನಷ್ಟವಿಲ್ಲ, ಗೌರವವುಂಟು ಎಂಬ ನಂಬಿಕೆಯು ಬೇರೂರಿದುದರಿಂದ ಇದು ಸಾಧ್ಯವಾಯಿತು. ನಮ್ಮ ರೈತನಿಗೆ ಆ ನಂಬಿಕೆಯಿಲ್ಲ. ನೇಗಿಲಿಗೆ ತಗುಲಿದ ಗಡಿಗೆಯನ್ನು ಕಚೇರಿಗೆ ತಂದರೆ ಮೊದಲು ಜಗಲಿಯ ಮೇಲೆ ಕಾಯಬೇಕು, ಆಮೇಲೆ 'ಉಳಿದುದೆಲ್ಲಿ?' ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ಹೊಲವು ಮುಟ್ಟುಗೋಲಾದೀತೆಂಬ ಹೆದರಿಕೆ ಬೇರೆ. ಮುಕ್ಕಾಲು ಪಾಲಿನ ಮಾತು ಪುಸ್ತಕದಲ್ಲಿದೆ; ಅವನಿಗೆ ಅದನ್ನು ಓದಿ ಹೇಳಿದವರಿಲ್ಲ. ಇಂಥವನು ಗಡಿಗೆಯನ್ನು ರಾತ್ರೋರಾತ್ರಿ ಮೂಸೆಗೆ ಒಯ್ದರೆ ತಪ್ಪು ಅವನೊಬ್ಬನದೇ ಎನ್ನಲು ನಮ್ಮ ಮನಸ್ಸು ಒಪ್ಪದು.

ಕತ್ತಲೆಯಲ್ಲಿ ಹುಡುಕುವುದೇ ಅಪರಾಧವಲ್ಲ. ಇಳಿತದ ಹೊತ್ತಿಗೆ ದೀಪ ಕಟ್ಟಿಕೊಂಡು ಹೊರಟ ಆ ಹವ್ಯಾಸಿಯು ಯಾರಿಗೂ ಕೇಡು ಬಗೆದವನಲ್ಲ. ಸಿಕ್ಕಿದುದನ್ನು ಹಗಲಿನಲ್ಲಿ ಹೇಳುತ್ತಾನೆಯೋ ಇಲ್ಲವೋ ಎಂಬುದರ ಮೇಲೆ ಅವನು ಸಂಶೋಧಕನೋ ಕಳ್ಳನೋ ಎಂಬುದು ನಿಂತಿದೆ. ಹೇಳುವ ಧೈರ್ಯವು ಜನರಲ್ಲಿರಬೇಕಾದರೆ ಕೇಳುವ ಸೌಜನ್ಯವು ಅಧಿಕಾರಿಗಳಲ್ಲಿರಬೇಕು. ಕಾಯಿದೆಯು ಕಂಡವನಿಗೆ ಕೊಟ್ಟಿರುವ ಹಕ್ಕನ್ನು ಸರಳವಾದ ಕನ್ನಡದಲ್ಲಿ ಅಚ್ಚುಮಾಡಿಸಿ ಗ್ರಾಮಗ್ರಾಮದ ಪಂಚಾಯಿತಿ ಕಟ್ಟಡದ ಗೋಡೆಗೆ ಅಂಟಿಸಲಿ. ತಂದ ವಸ್ತುವಿಗೆ ಅದೇ ದಿನ, ಅದೇ ಮೇಜಿನ ಮೇಲೆ, ತೂಕವನ್ನೂ ಸಿಕ್ಕಿದ ಜಾಗವನ್ನೂ ಬರೆದು ರಸೀತಿ ಕೊಡಲಿ. ಸಲ್ಲತಕ್ಕ ಹಣವು ಅವನ ಮಕ್ಕಳ ಕಾಲಕ್ಕಲ್ಲ, ಅವನ ಕಾಲಕ್ಕೇ ಸಲ್ಲುವಂತಾಗಲಿ. ಇದಕ್ಕೆ ಹೊಸ ಕಾಯಿದೆಯು ಬೇಕಾಗಿಲ್ಲ. ಗಡಿಗೆಯನ್ನು ಹೊತ್ತು ಬಂದ ರೈತನಿಗೆ ಕುಳಿತುಕೊಳ್ಳಲು ಒಂದು ಕುರ್ಚಿಯನ್ನು ತೋರಿಸುವುದರಿಂದ ನಮ್ಮ ಅಧಿಕಾರಿ ಮಹಾಶಯರು ಆರಂಭಿಸಬಹುದು.